ಕುಬೇರಪ್ಪನ ನಾಡಿ ನಿಂತ ಪಂಚಮಿ

ಹತ್ತಿಮತ್ತೂರಿನ ಕುಬೇರಪ್ಪನಿಗೆ ಗೊತ್ತಿಲ್ಲದ ಸಂಗತಿ ಯಾವುದಾದರೂ ಇತ್ತೋ ಇಲ್ಲವೋ ಎಂಬುದು ಊರಿನಲ್ಲಿ ಯಾರಿಗೂ ಖಚಿತವಿರಲಿಲ್ಲ. ಯಾಕೆಂದರೆ ಯಾವ ಸಂಗತಿಯನ್ನೂ ಅವನಿಗೆ ಪೂರ್ತಿ ಹೇಳಿ ಮುಗಿಸಿದವರೇ ಇರಲಿಲ್ಲ. ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಅವನು ಅಂಗೈ ಅಡ್ಡ ಹಿಡಿದು "ಗೊತ್ತೈತಿ" ಎನ್ನುತ್ತಿದ್ದ. ಹತ್ತಿಯ ಧಾರಣಿ ಇಳಿದಿದೆ ಎಂದರೂ ಗೊತ್ತೈತಿ, ಎತ್ತು ಕಣ್ಣಿ ಹರಿದುಕೊಂಡು ಅವನದೇ ಜೋಳದ ಹೊಲ ಹೊಕ್ಕಿದೆ ಎಂದು ಓಡಿಬಂದು ಹೇಳಿದರೂ ಗೊತ್ತೈತಿ. ಒಮ್ಮೆ ಅವನ ಧೋತರದ ಚುಂಗಿಗೆ ಒಲೆಯ ಕಿಡಿ ಹತ್ತಿದ್ದನ್ನು ಹೆಂಡತಿ ಹಾಲವ್ವ ಹೇಳಹೋದಾಗಲೂ ಅದೇ ಉತ್ತರ ಬಂದಿತ್ತು. ಆ ಧೋತರ ಮುಂದೆ ಅಡುಗೆ ಮನೆಯಲ್ಲಿ ಬಿಸಿ ಗಡಿಗೆ ಇಳಿಸುವ ಅರಿವೆಯಾಗಿ ಬಹಳ ದಿನ ಬಾಳಿತು.

ಇಂಥ ಕುಬೇರಪ್ಪ ಕೈಗಡಿಯಾರ ಕೊಳ್ಳಬೇಕೆಂದು ಮನಸ್ಸು ಮಾಡಿದ್ದು ಹಾವೇರಿಯ ಹತ್ತಿ ಪೇಟೆಯಲ್ಲಿ. ಎರಡನೆಯ ಲಡಾಯಿ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ಮುಂಬಯಿ ಕಡೆಯ ಏಜಂಟನೊಬ್ಬ ರೈತರ ಹತ್ತಿ ಮಾರಿಸಿಕೊಡುವ ಅಡತಿ ಅಂಗಡಿಗೆ ಬಂದಿದ್ದ. ವ್ಯಾಪಾರದ ನಡುವೆ ಅವನು ಕೋಟಿನ ತೋಳು ಹಿಂದೆ ಸರಿಸಿ, ಮುಂಗೈ ಮೇಲೆತ್ತಿ, ಗಡಿಯಾರ ನೋಡಿದ. ಅಷ್ಟೇ. ಅಷ್ಟಕ್ಕೇ ಗಾದಿಯ ಮೇಲೆ ಕೂತವರೆಲ್ಲ ಬಾಯಿ ಮುಚ್ಚಿದರು. ಕುಬೇರಪ್ಪ ವಯಸ್ಸಿಗೆ ಬಂದಾಗಿನಿಂದ ಆ ಗಾದಿಯ ಮೇಲೆ ಕೂತು ಮಾತಾಡುತ್ತ ಬಂದಿದ್ದ. ಅವನಿಗಾಗಿ ಒಬ್ಬನೂ ಬಾಯಿ ಮುಚ್ಚಿರಲಿಲ್ಲ.

ಸವಣೂರಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಒಬ್ಬರು ತೀರಿಕೊಂಡು, ಅವರ ಹೆಂಡತಿ ಖತೀಜಾಬಿ ಅಂಗಡಿಯ ಸಾಮಾನನ್ನು ಒಂದೊಂದಾಗಿ ಮಾರುತ್ತಿದ್ದಳು. ಕುಬೇರಪ್ಪ ಅವಳ ಪಡಸಾಲೆಗೆ ಹೋಗಿ ಕೂತ. ಅವಳು ಮಕಮಲ್ಲಿನ ಚೂರಿನಲ್ಲಿ ಸುತ್ತಿಟ್ಟಿದ್ದ ಒಂದು ಸ್ವಿಸ್ ಕೈಗಡಿಯಾರ ತೆಗೆದಳು. ಬಿಳಿಯ ಮುಖ, ನೀಲಿ ಮುಳ್ಳು. ಕುಬೇರಪ್ಪ ಅಲ್ಲಿಯೇ ಕೈಗೆ ಕಟ್ಟಿಕೊಳ್ಳಲು ಹೊರಟ. ಖತೀಜಾಬಿ ತಡೆದಳು.

"ಹಂಗ ತಗೋಬ್ಯಾಡ್ರಿ. ಹೆಣ್ಣು ನೋಡಾಕ ಹೋದೋರು ಮಾರಿ ನೋಡ್ತಾರ, ಗಡಿಯಾರ ನೋಡಾಕ ಬಂದೋರು ಬೆನ್ನು ನೋಡಬೇಕು ಅಂತ ನಮ್ಮವರು ಹೇಳೋರು," ಎಂದು ತೆಳ್ಳಗಿನ ಚಾಕುವಿನ ತುದಿಯಿಂದ ಹಿಂದಿನ ಮುಚ್ಚಳ ಎಬ್ಬಿಸಿದಳು.

ಕುಬೇರಪ್ಪ ಬಗ್ಗಿ ನೋಡಿದ. ಒಳಗೆ ಒಂದು ಊರೇ ಇತ್ತು. ಹಲ್ಲಿಗೆ ಹಲ್ಲು ಕೂಡಿಸಿಕೊಂಡ ಹಿತ್ತಾಳೆಯ ಗಾಲಿಗಳು, ಒಂದು ಕಾಣದಷ್ಟು ಸಾವಕಾಶ, ಇನ್ನೊಂದು ಅದಕ್ಕಿಂತ ಚುರುಕು. ಗಾಲಿಗಳ ಅಚ್ಚು ಕೂತ ಜಾಗದಲ್ಲೆಲ್ಲ ಸಾಸಿವೆಯಷ್ಟು ಕೆಂಪು ಹರಳು. ಒಂದು ಮೂಲೆಯಲ್ಲಿ ಒಂದು ಚಕ್ರ ಮಾತ್ರ ಮುಂದೆ ಹೋಗದೆ, ಹಿಂದೆಯೂ ಹೋಗದೆ, ಇದ್ದಲ್ಲಿಯೇ ಅತ್ತಿತ್ತ ಹೊರಳಾಡುತ್ತಿತ್ತು. ಅದರ ಹೊಟ್ಟೆಯ ಕೆಳಗೆ ಕೂದಲಿನಂಥ ಸುರುಳಿಯೊಂದು ಬಿಚ್ಚಿಕೊಳ್ಳುತ್ತಿತ್ತು, ಮುದುಡಿಕೊಳ್ಳುತ್ತಿತ್ತು.

"ಇದು ಇದರ ಗುಂಡಿಗಿರಿ," ಎಂದಳು ಖತೀಜಾಬಿ. "ಕಣ್ಣು ಪಿಳುಕಿಸೂದ್ರಾಗ ಅತ್ತಿತ್ತ ಹೊಳ್ಳಿ ಬಂದಿರತೈತಿ. ಈ ಸುರುಳಿ ಕೂಡಿಸೂ ಮುಂದ ನಮ್ಮವರು ಉಸುರು ಬಿಡ್ತಿರಲಿಲ್ಲ. ಒಂದ್ಸಲ ಸೀನು ಬಂತು. ಒಂದು ಸ್ಕ್ರೂ ಹಾರಿ ಹೋತು. ಅದು ಸಿಗೂ ತನಕಾ ಮನಿ ಕಸಾ ಹೊಡಿಯೂ ಹಂಗಿರಲಿಲ್ಲ. ಹಬ್ಬಾನೂ ಕಸದಾಗ ಕುಂತು ಮಾಡಿದ್ವಿ."

"ಈ ಕೆಂಪು ಹರಳು?"

"ಮಾಣಿಕರಿ. ಒಟ್ಟು ಹದಿನೇಳು. ಅಚ್ಚು ತಿರುಗಿ ತಿರುಗಿ ಹಿತ್ತಾಳಿ ಸವೀಬಾರದಂತ..."

"ಗೊತ್ತೈತಿ," ಎಂದ ಕುಬೇರಪ್ಪ.

"ಇನ್ನ ಇದು ನೋಡ್ರಿ, ಈ ಡಬ್ಬಿಯೊಳಗ ಒಂದು ದೊಡ್ಡ ಸುರುಳಿ ಐತಿ. ದಿನಾ ಮುಂಜಾನೆ ಎದ್ದ ಕೂಡಲೆ ನೀವು ಏನ್ ಮಾಡಬೇಕಂದ್ರ..."

"ಗೊತ್ತೈತಿ ಬಿಡ್ರಿ."

ಖತೀಜಾಬಿ ಅವನ ಮುಖ ನೋಡಿದಳು. ಎಲ್ಲ ಗೊತ್ತಿದ್ದ ಗಂಡಸಿನ ಜೊತೆ ಅವಳೂ ಬಾಳ್ವೆ ಮಾಡಿದ್ದಳು. "ಹಂಗಾದ್ರ ಚೊಲೋ ಆತು," ಎಂದು ಮುಚ್ಚಳ ಒತ್ತಿ, ಗಡಿಯಾರ ಅವನ ಕೈಗೆ ಕೊಟ್ಟು, ಎಲೆ ಅಡಿಕೆಯ ತಟ್ಟೆ ಮುಂದೆ ಸರಿಸಿದಳು.

ಗೊತ್ತೈತಿ ಎಂದುಬಿಟ್ಟವರಿಗೆ ಒಂದು ತೊಂದರೆ ಇದೆ. ಗೊತ್ತಿಲ್ಲದ್ದನ್ನು ಆಮೇಲೆ ಅವರೇ ಹುಡುಕಿಕೊಳ್ಳಬೇಕಾಗುತ್ತದೆ. ಕುಬೇರಪ್ಪ ಚಕ್ಕಡಿಯಲ್ಲಿ ಕೂತು ಊರ ಕಡೆ ಬರುತ್ತ ಯೋಚಿಸಿದ. ಹತ್ತಿಮತ್ತೂರಿನ ಸಾಲೆಯಲ್ಲಿ ಒಂದು ಗೋಡೆ ಗಡಿಯಾರವಿತ್ತು. ಮಾಸ್ತರರು ವಾರಕ್ಕೊಮ್ಮೆ ಸ್ಟೂಲು ಹತ್ತಿ ಅದಕ್ಕೆ ಚಾವಿ ಕೊಡುತ್ತಿದ್ದರು. ಈ ಕೈಗಡಿಯಾರಕ್ಕೆ ಚಾವಿಯೂ ಇಲ್ಲ, ಚಾವಿ ಹಾಕುವ ತೂತೂ ಇಲ್ಲ. ಹಾಗಾದರೆ ಇದು ನಡೆಯುವುದು ಯಾವುದರಿಂದ? ಇದನ್ನು ಕೊರಳಿಗೆ ಕಟ್ಟದೆ, ತೋಳಿಗೆ ಕಟ್ಟದೆ, ವೈದ್ಯರು ನಾಡಿ ಹಿಡಿಯುವ ಜಾಗಕ್ಕೇ ಕಟ್ಟುವುದು ಯಾಕೆ? ಚಕ್ಕಡಿ ಊರ ಅಗಸಿ ಬಾಗಿಲು ಮುಟ್ಟುವಷ್ಟರಲ್ಲಿ ಕುಬೇರಪ್ಪನಿಗೆ ಎಲ್ಲ ತಿಳಿದುಹೋಗಿತ್ತು.

"ಗ್ವಾಡಿಗೆ ನಾಡಿ ಇಲ್ಲ, ಅದಕ್ಕ ಚಾವಿ ಬೇಕು," ಎಂದು ಅವನು ಮರುದಿನ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಸಾರಿದ. "ಕೈಗೆ ನಾಡಿ ಐತಿ. ನಾಡಿ ಹೊಡತಾ ಹೋಗಿ ಒಳಗಿನ ಚಕ್ರಕ್ಕ ಬಡೀತೈತಿ, ಚಕ್ರ ನಡೀತೈತಿ. ಮನುಷ್ಯಾನ ರಕ್ತದ ಜೋರಿನ ಮ್ಯಾಲ ವಾಚು. ಅದಕ್ಕಽ ಇಂಗ್ಲೆಂಡಿನ್ಯಾಗ ಕಮಜೋರ ಮಂದಿ ಇದನ್ನ ಕಟ್ಟೂದಿಲ್ಲ."

ಕಟ್ಟೆಯ ಮೇಲಿದ್ದವರು ಬಾಯಿ ಮುಚ್ಚಿದರು. ಅವನು ಬಯಸಿದ್ದೂ ಅದನ್ನೇ.

ಇನ್ನು ಗಡಿಯಾರ ಹೇಗೆ ನಡೆಯಿತು ಎಂಬ ಪ್ರಶ್ನೆ. ಕುಬೇರಪ್ಪ ಅದನ್ನು ಮಲಗುವಾಗಲೂ ಬಿಚ್ಚುತ್ತಿರಲಿಲ್ಲ. ಬೆಳಿಗ್ಗೆ ಜಳಕಕ್ಕೆ ಹೋಗುವಾಗ ಮಾತ್ರ ಬಿಚ್ಚಿ ದೇವರ ಕೋಣೆಯ ಗೋಡೆಯ ಮಾಡದಲ್ಲಿ ಇಡುತ್ತಿದ್ದ. ಆ ಹೊತ್ತಿಗೆ ಹಾಲವ್ವ ವಿಭೂತಿ ಹಚ್ಚಿಕೊಂಡು, ಕಿವಿಯ ಬೆಂಡೋಲೆಯ ತಿರುಪು ಬಿಗಿ ಮಾಡಿಕೊಳ್ಳಲು ಅಲ್ಲಿಗೇ ಬರುತ್ತಿದ್ದಳು. ಬಂಗಾರದ ತಿರುಪು ದಿನವೂ ಒಂದಿಷ್ಟು ಸಡಿಲಾಗುತ್ತದೆ. ಬಿಗಿ ಮಾಡದಿದ್ದರೆ ಎಲ್ಲೋ ಕಳಚಿ ಬಿದ್ದು, ಮನೆಯ ಕಸವನ್ನೆಲ್ಲ ಜರಡಿ ಹಿಡಿಯಬೇಕಾಗುತ್ತದೆ. ಇದು ಹೆಣ್ಣುಮಕ್ಕಳಿಗೆಲ್ಲ ತಾಯಂದಿರು ಕಲಿಸಿದ ಬುದ್ಧಿ. ಗಂಡನ ಹೊಸ ಆಭರಣಕ್ಕೂ ಬದಿಯಲ್ಲಿ ಒಂದು ತಿರುಪು ಇರುವುದನ್ನು ಅವಳು ಮೊದಲನೆಯ ದಿನವೇ ಕಂಡಳು. ತಿರುವಿ ನೋಡಿದಳು. ಸಡಿಲಿತ್ತು. ಕರ್ರ್ ಕರ್ರ್ ಎಂದು ಇನ್ನು ತಿರುಗದಷ್ಟು ಬಿಗಿ ಮಾಡಿ ಇಟ್ಟಳು. ಮರುದಿನ ನೋಡಿದರೆ ಮತ್ತೆ ಸಡಿಲು. ಗಂಡಸರ ಸಾಮಾನೇ ಹೀಗೆ ಎಂದುಕೊಂಡು ಮತ್ತೆ ಬಿಗಿ ಮಾಡಿದಳು. ಹೀಗೆ ಯುಗಾದಿಯಿಂದ ನಡೆದಿತ್ತು.

ಊರಿನಲ್ಲಿ ಈ ವಿಷಯ ಬಲ್ಲವರು ಸಾಲೆಯ ಮಾಸ್ತರರೊಬ್ಬರೇ. ಅವರು ಒಮ್ಮೆ ಬಾಯಿ ತೆರೆದರು. "ಕುಬೇರಪ್ಪನವರ, ನಾಡಿ ಅಲ್ರಿ, ಅದಕ್ಕೂ ಚಾವಿ ಕೊಡೂದು ಒಂದು..." ಎನ್ನುವಷ್ಟರಲ್ಲಿ ಅಂಗೈ ಅಡ್ಡ ಬಂತು. ಎರಡನೆಯ ಸಲವೂ ಬಂತು. ಮೂರನೆಯ ಸಲ ಮಾಸ್ತರರು ಈ ಮನುಷ್ಯನಿಗೆ ಇನ್ನು ಅಕ್ಷರ ಮಾತ್ರವೂ ಹೇಳಿಕೊಡುವುದಿಲ್ಲ ಎಂದು ಮನಸ್ಸಿನಲ್ಲಿಯೇ ಪ್ರಮಾಣ ಮಾಡಿ, ಅದನ್ನು ನಿಷ್ಠೆಯಿಂದ ನಡೆಸಿಕೊಂಡು ಬಂದರು.

ಇಷ್ಟಕ್ಕೇ ನಿಂತಿದ್ದರೆ ಗಡಿಯಾರದಿಂದ ಯಾರಿಗೂ ಕೆಡುಕಾಗುತ್ತಿರಲಿಲ್ಲ. ಆದರೆ ಕುಬೇರಪ್ಪನ ಮಗಳು ಸರೋಜವ್ವನ ಲಗ್ನದ ಮಾತು ಬಂತು. ಹುಡುಗ ಹೊರಗಿನವನಲ್ಲ. ಹಾಲವ್ವನ ತವರು ಅಕ್ಕಿಆಲೂರು, ಅಲ್ಲಿ ಅವಳ ಅಣ್ಣ ಹೂವಪ್ಪ ಭತ್ತದ ವ್ಯಾಪಾರ ಮಾಡಿಕೊಂಡಿದ್ದ, ಅವನ ಮಗ ಚಂದ್ರಪ್ಪ. ಸೋದರಮಾವನ ಮಗ ಎಂದ ಮೇಲೆ ಅರ್ಧ ಲಗ್ನ ತೊಟ್ಟಿಲಿನಲ್ಲಿಯೇ ಆಗಿತ್ತು. ಸರೋಜವ್ವ ಈಗಾಗಲೇ ಅಕ್ಕಿಆಲೂರಿನ ಹೆಸರು ಬಂದಾಗಲೆಲ್ಲ ಒಲೆಯ ಕಡೆ ಮುಖ ತಿರುಗಿಸುತ್ತಿದ್ದಳು. ಉಳಿದದ್ದು ಎಲೆ ಅಡಿಕೆ ಬದಲಿಸುವುದಷ್ಟೇ. ಕುಬೇರಪ್ಪ ಮಾತ್ರ ಒಂದು ಪರೀಕ್ಷೆ ಇಟ್ಟ.

"ಜಾತಕ ಯಾವಾನಾರ ಬರೀತಾನ. ನಾಡಿ ಸುಳ್ಳು ಹೇಳೂದಿಲ್ಲ," ಎಂದು ಗಡಿಯಾರವನ್ನು ಚಂದ್ರಪ್ಪನ ಕೈಗೆ ಕಟ್ಟಿದ. "ಹಬ್ಬಾ ಹುಣ್ಣವಿ ಅನ್ನದ ಇದನ್ನ ಕಟ್ಟಿಕೊಂಡಿರು. ಬಿಚ್ಚಬ್ಯಾಡ, ಏನೂ ಮುಟ್ಟಬ್ಯಾಡ. ಮುಂದಿನ ಸಂತಿಗೆ ತಂದು ಕೊಡು."

ಚಂದ್ರಪ್ಪ ವಿಧೇಯ ಹುಡುಗ. ಮುಟ್ಟಬೇಡ ಎಂದದ್ದನ್ನು ಮುಟ್ಟಲಿಲ್ಲ. ಎರಡನೆಯ ದಿನ ಗಡಿಯಾರ ನಿಂತಾಗ ಅವನು ಹೆದರಿ ಹಾಲು ಕುಡಿದ, ತುಪ್ಪ ಉಂಡ, ಭತ್ತದ ಚೀಲ ಹೊತ್ತು ಅಂಗಳದಲ್ಲಿ ಸುತ್ತಿದ. ನಿಂತದ್ದು ನಡೆಯಲಿಲ್ಲ. ಸಂತೆಯ ದಿನ ತಲೆ ತಗ್ಗಿಸಿಕೊಂಡು ಬಂದು ಮಾವನ ಕೈಗೆ ಕೊಟ್ಟ. ಕುಬೇರಪ್ಪ ಅದನ್ನು ಕಿವಿಗೆ ಹಿಡಿದು ನೋಡಿ, ಹುಡುಗನ ಬೆನ್ನು ತಟ್ಟಿ, ಊಟ ಮಾಡಿಕೊಂಡು ಹೋಗೆಂದ. ಮಾತು ಮುರಿದಿದೆ ಎಂಬುದು ಎಲ್ಲರಿಗೂ ತಿಳಿಯಿತು. ಮರುದಿನ ಕುಬೇರಪ್ಪ ಜಳಕ ಮಾಡಿ ಬಂದು ಕಟ್ಟಿಕೊಂಡು ನೋಡಿದರೆ ಗಡಿಯಾರ ಟಿಕಟಿಕ ಎನ್ನುತ್ತಿತ್ತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

"ವಾಚು ಕೆಟ್ಟಿದ್ರ?" ಎಂದಳು ಹಾಲವ್ವ. ಅವಳ ಕಣ್ಣಲ್ಲಿ ನೀರಿತ್ತು.

"ವಾಚು ಕೆಡೂದಿಲ್ಲ, ಮನುಷ್ಯಾ ಕೆಡ್ತಾನ," ಎಂದ ಕುಬೇರಪ್ಪ. ಈ ಮಾತು ಅವನಿಗೇ ಹಿಡಿಸಿ, ಆ ವಾರವಿಡೀ ಸಿಕ್ಕವರಿಗೆಲ್ಲ ಹೇಳಿದ.

ಶ್ರಾವಣ ಬಂತು. ಪಂಚಮಿಗೆ ತಂಗಿಯನ್ನು ಕರೆಯಲು ಹೂವಪ್ಪ ಬಂದ. ಮುರಿದದ್ದು ಬೀಗತನ, ತಂಗಿತನವಲ್ಲ ಎಂದು ಅಂಗಳದಲ್ಲಿಯೇ ನಿಂತು ಹೇಳಿದ, ನೀರು ಸಹ ಮುಟ್ಟಲಿಲ್ಲ. ಹಿಂದಿನ ವರ್ಷಗಳಲ್ಲೆಲ್ಲ ಕುಬೇರಪ್ಪ ಅಡುಗೆ ಯಾರು ಮಾಡಬೇಕು, ಎಮ್ಮೆ ಯಾರು ಹಿಂಡಬೇಕು ಎಂದು ನೆಪ ಹೇಳಿ ಹಾಲವ್ವನನ್ನು ನಿಲ್ಲಿಸಿಕೊಂಡಿದ್ದ. ಈ ವರ್ಷ ಅವಳು ಕೇಳಲೇ ಇಲ್ಲ. ಉಂಡಿಯ ಬುಟ್ಟಿ ಕಟ್ಟಿ, ಸರೋಜವ್ವನ ಕೈ ಹಿಡಿದು ಹೊಸ್ತಿಲು ದಾಟಿದಳು. ದಾಟಿದವಳು ಒಂದು ಗಳಿಗೆ ಹೊರಳಿ ನಿಂತಳು. ಎಷ್ಟು ಸಿಟ್ಟಿದ್ದರೂ ಮನೆವಾರ್ತೆಯ ಮಾತು ಹೇಳದೆ ಹೋಗುವ ಹೆಂಗಸಲ್ಲ ಅವಳು.

"ಹಾಲಿಗೆ ಹೆಪ್ಪು ಹಾಕೂದು ಮರೀಬ್ಯಾಡ್ರಿ. ಮತ್ತ ನಿಮ್ಮ ಗಡಿಯಾರದ ತಿರುಪು ದಿನಾ ಸಡ್ಲ ಆಗ್ತೈತಿ, ಅದನ್ನ ಮುಂಜಾನೆ..."

"ಗೊತ್ತೈತಿ," ಎಂದ ಕುಬೇರಪ್ಪ. "ಹೋಗಿ ಬಾ."

ಪಂಚಮಿಯ ದಿನ ಗಡಿಯಾರ ನಡೆಯಿತು. ಅದರ ಹೊಟ್ಟೆಯಲ್ಲಿ ಹಾಲವ್ವ ತುಂಬಿಟ್ಟು ಹೋದ ಬಲ ಇನ್ನೂ ಉಳಿದಿತ್ತು. ಮರುದಿನ ಬೆಳಿಗ್ಗೆ ಕುಬೇರಪ್ಪ ಕಟ್ಟೆಯ ಮೇಲೆ ಕೂತು, ಅಂಗಿಯ ತೋಳು ಹಿಂದೆ ಸರಿಸಿ, ಮುಂಗೈ ಮೇಲೆತ್ತಿದ. ಎತ್ತಿದ ಕೈ ಹಾಗೆಯೇ ಉಳಿಯಿತು. ಮುಳ್ಳು ಒಂಬತ್ತು ಗಂಟೆ ಹತ್ತು ನಿಮಿಷದಲ್ಲಿ ನಿಂತಿತ್ತು. ಕೈ ಝಾಡಿಸಿದ. ಒಂದು ಸಲ ಟಿಕ್ ಎಂದು ಸುಮ್ಮನಾಯಿತು. ಕಿವಿಗೆ ಹಿಡಿದ. ತನ್ನ ಕಿವಿಯ ಗುಂಯ್ ಎಂಬ ಸದ್ದೇ ಕೇಳಿತು. ಕುಬೇರಪ್ಪ ಕಟ್ಟೆಯಿಂದ ಇಳಿದು, ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ಪಡಸಾಲೆಯ ಚಾಪೆಯ ಮೇಲೆ ಮಲಗಿದ.

"ಯವ್ವಾ, ನಾ ಹೊಂಟೆ," ಎಂದ.

ಅವನ ತಾಯಿ ಮುದಕವ್ವ ಮೊರದಲ್ಲಿ ಅಲಸಂದೆ ಹಸನು ಮಾಡುತ್ತಿದ್ದಳು. ಮಗ ಹೇಳಿದ್ದನ್ನೆಲ್ಲ ಕೇಳಿ, ಒಂದು ಹರಳು ಆರಿಸಿ ಒಗೆದು ಹೇಳಿದಳು: "ನಾ ಇನ್ನೂ ಇಲ್ಲೇ ಕುಂತೇನಿ. ನೀ ಹ್ಯಾಂಗ ಮುಂದ ಹೊಕ್ಕೀ? ಸರತಿ ಅಂತ ಒಂದು ಇರ್ತೈತೋ ಇಲ್ಲೋ."

ಮಧ್ಯಾಹ್ನದೊಳಗೆ ಮನೆ ತುಂಬಿತು. ಕರಬಸಪ್ಪ ವೈದ್ಯರು ಬಂದು ಮೂರು ಬೆರಳಿಟ್ಟು ನಾಡಿ ನೋಡಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ನೋಡಿದರು. "ನಾಡಿ ಕುದುರಿ ಓಡಿದಂಗ ಓಡಾಕತ್ತೈತಿ. ನಿನ್ನೆ ಉಂಡಿ ಎಷ್ಟು ತಿಂದ್ರಿ?" ಎಂದರು.

ಕುಬೇರಪ್ಪ ಕ್ಷೀಣ ದನಿಯಲ್ಲಿ ಕೇಳಿದ. "ವೈದ್ಯರ, ನಿಮ್ಮ ಬೆರಳಾಗ ಎಷ್ಟು ಮಾಣಿಕ ಅದಾವ?"

"ಬೆರಳಾಗ ಮಾಣಿಕ ಎಲ್ಲಿಂದ ಬರ್ತಾವ?"

"ಹದಿನೇಳು ಮಾಣಿಕದ ಯಂತ್ರ ಒಂದು ಹೇಳತೈತಿ, ನಿಮ್ಮ ಮೂರು ಬೆರಳು ಒಂದು ಹೇಳತಾವ. ನಾ ಯಾವುದು ನಂಬಲಿ?"

ವೈದ್ಯರು ತಮ್ಮ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. ಅವು ಮೂರು ತಲೆಮಾರಿನಿಂದ ನಾಡಿ ನೋಡಿದ ಮನೆತನದ ಬೆರಳು. ಅವರಿಗೆ ಅಪಮಾನವಾಯಿತು. ಎದ್ದು ಹೋಗಬೇಕೆಂದಿದ್ದರು, ಆದರೆ ಅಷ್ಟರಲ್ಲಿ ಚಹಾ ಬಂತು.

ನೆರೆಮನೆಯ ಮಂಜವ್ವ ಬಾಗಿಲ ಬಳಿಯಿಂದ ಎಲ್ಲರ ಮನಸ್ಸಿನ ಮಾತು ಆಡಿದಳು. "ಯಣ್ಣಾ, ವಾಚಽ ಕೆಟ್ಟಿರಬಹುದಲ್ಲ?"

ಪಡಸಾಲೆ ಕುಬೇರಪ್ಪನ ಕಡೆ ನೋಡಿತು. ಹೌದೆಂದರೆ ಅವನ ಜೀವ ಉಳಿಯುತ್ತಿತ್ತು. ಆದರೆ ಹೌದೆಂದರೆ ಚಂದ್ರಪ್ಪನ ಕೈಯಲ್ಲಿಯೂ ವಾಚೇ ಕೆಟ್ಟಿತ್ತು ಎಂದಾಗುತ್ತಿತ್ತು. ಸಾವು ಒಂದು ಕಡೆ, ಆಡಿದ ಮಾತು ಒಂದು ಕಡೆ. ಕುಬೇರಪ್ಪ ದೀರ್ಘವಾಗಿ ಉಸಿರು ಬಿಟ್ಟು, "ವಾಚು ಕೆಡೂದಿಲ್ಲವ್ವಾ," ಎಂದ.

ಬೇರೆ ಯಾರಾದರೂ ಕಟ್ಟಿಕೊಂಡು ನೋಡಿದರೆ ಆಯಿತಲ್ಲ ಎಂದು ಯಾರೋ ಸೂಚಿಸಿದರು. ಈ ಸೂಚನೆ ಬಂದ ಕೂಡಲೇ ಒಬ್ಬನಿಗೆ ಎಮ್ಮೆ ಬಿಟ್ಟು ಬಂದದ್ದು ನೆನಪಾಯಿತು, ಇನ್ನೊಬ್ಬನಿಗೆ ಸವಣೂರಿನಲ್ಲಿ ಕೆಲಸವಿತ್ತು. ಉಳಿದವನು ಗರಡಿಯ ಬೀರಪ್ಪನೊಬ್ಬನೇ. ಅವನು ಎರಡು ಎತ್ತಿನ ಗಾಡಿಯನ್ನು ಕೆಸರಿನಿಂದ ಒಬ್ಬನೇ ಎತ್ತಿದ ಪೈಲ್ವಾನ. ಗಡಿಯಾರ ಕಟ್ಟಿಕೊಂಡು, ತೊಡೆ ತಟ್ಟಿ, ತೋಳು ಝಾಡಿಸಿದ. ಗಡಿಯಾರ ಟಿಕಟಿಕ ಎಂದಿತು. ಮಂದಿ ಶಹಭಾಸ್ ಎಂದರು. ಬೀರಪ್ಪ ಎದೆಯುಬ್ಬಿಸಿ ನಿಂತ. ಅವನು ನಿಂತಂತೆ ಗಡಿಯಾರವೂ ನಿಂತಿತು. ಬೀರಪ್ಪ ಅದನ್ನು ನೋಡಿದ, ಬೆವರು ಒರೆಸಿಕೊಂಡ, ಬಂದು ಕುಬೇರಪ್ಪನ ಮಗ್ಗುಲಿಗೆ ಅದೇ ಚಾಪೆಯ ಮೇಲೆ ಮಲಗಿದ.

"ಸ್ವಲ್ಪ ಸರಿರಿ," ಎಂದ.

ಸಂಜೆಯ ಹೊತ್ತಿಗೆ ಗೌಡಕಿಯ ಉಳವಪ್ಪಗೌಡರು ಬಂದರು. ಊರಿನ ಹುಟ್ಟು ಸಾವು ಬರೆದು ಮೇಲಿನವರಿಗೆ ತಿಳಿಸುವುದು ಅವರ ಕೆಲಸ. ಬಾಯಿಂದ ಬಾಯಿಗೆ ಹೋದ ಸುದ್ದಿ ಅವರ ಮನೆ ಮುಟ್ಟುವಷ್ಟರಲ್ಲಿ ಕುಬೇರಪ್ಪ ಸತ್ತಿದ್ದ. ದಫ್ತರ ಬಿಚ್ಚಿ, ಕನ್ನಡಕ ಏರಿಸಿ ಕೇಳಿದರು.

"ತೀರಿಕೊಂಡ ಹೊತ್ತು?"

"ಒಂಬತ್ತು ಗಂಟೆ ಹತ್ತು ನಿಮಿಷ," ಎಂದಿತು ಚಾಪೆಯಿಂದ ದನಿ.

"ಕಾರಣ?"

"ನಾಡಿ ನಿಂತದ್ದು."

"ನೋಡಿದೋರು ಯಾರು?"

"ನಾನಽರಿ ಗೌಡ್ರ."

ಉಳವಪ್ಪಗೌಡರು ಬರೆಯುತ್ತ ಹೋದವರು ಇಲ್ಲಿ ನಿಲ್ಲಿಸಿದರು. ಕನ್ನಡಕದ ಮೇಲಿಂದ ಚಾಪೆಯನ್ನು ಬಹಳ ಹೊತ್ತು ನೋಡಿದರು. "ಸತ್ತೋರು ತಾವಽ ಸಾಕ್ಷಿ ಹೇಳಾಕ ಸರಕಾರ ಇದರಾಗ ಜಾಗಾ ಬಿಟ್ಟಿಲ್ಲ ಕುಬೇರಪ್ಪ. ಪೂರಾ ಆದ ಮ್ಯಾಲ ಯಾರ ಕೈಲೆರ ಹೇಳಿ ಕಳಸು," ಎಂದು ದಫ್ತರ ಕಟ್ಟಿದರು.

ಆ ರಾತ್ರಿಯೆಲ್ಲ ಕುಬೇರಪ್ಪ ಏರ್ಪಾಡು ಹೇಳಿದ. ಸಮಾಧಿ ಎಲ್ಲಿ ಎಂಬುದನ್ನೂ ಹೇಳಿದ. "ದೊಡ್ಡ ಹೊಲದ ಬದುವಿನ ಮ್ಯಾಲ ಮಾಡ್ರಿ. ಬಾಜೂ ಹೊಲದೋರು ವರ್ಷಾ ಒಂದೊಂದು ಗೇಣು ಒತ್ತಾಕತ್ತಾರ. ನಾ ಅಲ್ಲಿ ಕುಂತ್ರ ಈಚಿಗೆ ಬರೂದಿಲ್ಲ." ಬೀರಪ್ಪನಿಗೆ ಹೊಲವಿರಲಿಲ್ಲ, ಅವನು ಸುಮ್ಮನೆ ಅತ್ತ. ಮುದಕವ್ವ ಇಬ್ಬರಿಗೂ ರೊಟ್ಟಿ ಬಡಿಸಿದಳು, ಇಬ್ಬರೂ ಸಾಯುವವರಂತೆ ಉಣ್ಣದೆ ಹೊಟ್ಟೆ ತುಂಬ ಉಂಡರು.

ಸರ್ವಿಸ್ ಮೋಟಾರಿನ ಡ್ರೈವರನ ಕೈಯಲ್ಲಿ ಅಕ್ಕಿಆಲೂರಿಗೆ ಹೇಳಿ ಕಳಿಸಿದ್ದರು. "ಕುಬೇರಪ್ಪನ ನಾಡಿ ನಿಂತೈತಿ, ಮಾತು ನಡದಾವ" ಎಂಬುದೇ ಸುದ್ದಿ. ಮರುದಿನ ಹೊತ್ತು ಏರುವಷ್ಟರಲ್ಲಿ ಹಾಲವ್ವ ಬಂದಳು. ಹಿಂದೆ ಸರೋಜವ್ವ, ಅವಳ ಹಿಂದೆ ಹೂವಪ್ಪ, ಎಲ್ಲರಿಗೂ ಕಡೆಯಲ್ಲಿ ಚಂದ್ರಪ್ಪ. ಮೋಟಾರಿನಲ್ಲಿ ಅತ್ತು ಅತ್ತು ಹಾಲವ್ವನ ದನಿ ಬಿದ್ದಿತ್ತು. ಅಂಗಳದಿಂದಲೇ ಅಳುತ್ತ ಬಂದವಳು ಪಡಸಾಲೆಯಲ್ಲಿ ಎರಡು ದೇಹ ಕಂಡು ಒಂದು ಕ್ಷಣ ಗಾಬರಿಯಾಗಿ ನಿಂತಳು. ಆಮೇಲೆ ತನ್ನದು ಯಾವುದೆಂದು ಗುರುತು ಹಿಡಿದು ಕುಬೇರಪ್ಪನ ಮಗ್ಗುಲಿಗೆ ಕೂತಳು.

"ಏನ್ ಆತ್ರಿ ನಿಮಗ?"

ಕುಬೇರಪ್ಪ ಗಡಿಯಾರ ಕಟ್ಟಿದ ಕೈ ಅವಳ ಮುಂದೆ ಚಾಚಿದ. ಅವನಿಗೆ ನಿಜವಾಗಿಯೂ ಅಳು ಬಂದಿತ್ತು. ಹಾಲವ್ವ ಆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸವರಿದಳು. ಸವರುತ್ತಿದ್ದ ಬೆರಳು ಗಡಿಯಾರದ ಬದಿಗೆ ತಾಗಿತು.

"ಅಯ್ಯ, ಹೇಳಿ ಹೋಗಿದ್ದೆ," ಎಂದಳು. "ಎಷ್ಟು ಸಡ್ಲ ಬಿಟ್ಟೀರಿ ನೋಡ್ರಿ."

ಎರಡು ಬೆರಳಿನಿಂದ ತಿರುವಿದಳು. ಕರ್ರ್, ಕರ್ರ್, ಕರ್ರ್. ಅವಳು ಕಣ್ಣೀರು ಒರೆಸಿಕೊಳ್ಳುತ್ತಲೇ ಇನ್ನು ತಿರುಗದಷ್ಟು ಬಿಗಿ ಮಾಡಿದಳು. ಟಿಕಟಿಕ, ಟಿಕಟಿಕ. ನೀಲಿ ಮುಳ್ಳು ಒಂಬತ್ತು ಹತ್ತರಿಂದ ಮುಂದೆ ಹೊರಟಿತು.

ಮೊದಲು ಎದ್ದವನು ಬೀರಪ್ಪ. ಅವನು ಚಾಪೆಯಿಂದ ನೆಗೆದು, ತನ್ನ ಎದೆ ಮುಟ್ಟಿ ನೋಡಿಕೊಂಡು, ಯಾರ ಮುಖವನ್ನೂ ನೋಡದೆ ಗರಡಿಯ ಕಡೆ ಹೋದ. ಕರಬಸಪ್ಪ ವೈದ್ಯರು ತಮ್ಮ ಮೂರು ಬೆರಳನ್ನು ಪ್ರೀತಿಯಿಂದ ನೋಡಿಕೊಂಡರು. ಕುಬೇರಪ್ಪ ಎದ್ದು ಕೂತ.

"ಇದನ್ನ ಯಾವಾಗಿಂದ ತಿರುವಾಕತ್ತಿ?"

"ನೀವು ತಂದಾಗಿಂದ. ನೀವು ಜಳಕಾ ಮಾಡೂ ಮುಂದ, ನನ್ನ ಬೆಂಡೋಲಿ ತಿರುಪಿನ ಕೂಡ ಇದನ್ನೂ ಬಿಗಿ ಮಾಡಿ ಇಡ್ತಿದ್ದೆ. ಬಿಗಿ ಮಾಡಿದ್ರ ನಡೀತೈತಿ ಅಂತ ನನಗ ಈಗ ತಿಳೀತು." ಹಾಲವ್ವ ಬಾಗಿಲ ಕಡೆ ಹೊರಳಿ ನೋಡಿದಳು. ಬಾಗಿಲಲ್ಲಿ ಅಣ್ಣ ನಿಂತಿದ್ದ, ಅಣ್ಣನ ಹಿಂದೆ ಚಂದ್ರಪ್ಪ ನಿಂತಿದ್ದ. ಅವಳ ಅಳು ನಿಂತಿತು, ದನಿ ಸ್ಪಷ್ಟವಾಯಿತು. "ನಿಮಗ ಇದು ಗೊತ್ತಿತ್ತೇನ್ರಿ?"

ಹಾಲವ್ವ ಸಾಲೆ ಕಲಿತವಳಲ್ಲ, ಕೋರ್ಟು ಕಂಡವಳಲ್ಲ. ಆದರೆ ಹಾವೇರಿಯ ಯಾವ ವಕೀಲನೂ ಇದಕ್ಕಿಂತ ಗಟ್ಟಿಯಾದ ಪ್ರಶ್ನೆ ಕೇಳಲಾರ. ಗೊತ್ತಿತ್ತು ಎಂದರೆ, ಗೊತ್ತಿದ್ದೂ ಒಬ್ಬ ನೆಟ್ಟಗಿದ್ದ ಹುಡುಗನನ್ನು ನಾಡಿ ಇಲ್ಲದವನೆಂದು ಸಾರಿ, ಸ್ವಂತ ಮಗಳ ಲಗ್ನ ಮುರಿದ ಪಾಪಿ. ಗೊತ್ತಿರಲಿಲ್ಲ ಎಂದರೆ, ಗೊತ್ತಿರಲಿಲ್ಲ ಎಂದಂತೆಯೇ. ಪಡಸಾಲೆ, ಕಟ್ಟೆ, ಅಂಗಳ ಎಲ್ಲ ತುಂಬಿತ್ತು. ಎಲ್ಲರೂ ಬಾಯಿ ಮುಚ್ಚಿದ್ದರು. ಕುಬೇರಪ್ಪನ ಬಲಗೈ ಅಭ್ಯಾಸದಿಂದ ಮೇಲೆದ್ದು, ಅಂಗೈ ಅಡ್ಡ ಬರುವ ಹಾಗಿತ್ತು.

ಸರೋಜವ್ವ ಈ ಸಲ ಒಲೆಯ ಕಡೆ ಮುಖ ತಿರುಗಿಸಲಿಲ್ಲ. ಅಪ್ಪನನ್ನೇ ನೋಡುತ್ತ ನಿಂತಿದ್ದಳು.

ಕುಬೇರಪ್ಪ ಕೈ ಕೆಳಗಿಳಿಸಿದ.

"ಗೊತ್ತಿರಲಿಲ್ಲ," ಎಂದ.

"ಅಯ್ಯ ಶಿವನ, ಈಗ ಖರೇವಂದ್ರೂ ಹೊಂಟ ನೋಡು ನನ್ನ ಮಗ," ಎಂದು ಮುದಕವ್ವ ಮೊರ ಬಿಟ್ಟು ಓಡಿಬಂದು ಅವನ ಹಣೆ ಮುಟ್ಟಿ ನೋಡಿದಳು. ಹಣೆ ತಣ್ಣಗಿತ್ತು. ಅವನಿಗೆ ಬಹಳ ನಾಚಿಕೆಯಾಗಿತ್ತು, ಆದರೆ ಹಸಿವೂ ಆದಂತೆ ಅನಿಸಿತು. ಅವನು ಬಾಗಿಲ ಕಡೆ ನೋಡಿ, "ಹೂವಪ್ಪ, ಒಳಗ ಬಾ. ನೀರು ಕುಡಿ. ಚಂದ್ರಪ್ಪಾ, ನೀನೂ ಬಾರಪಾ," ಎಂದ. ಹೂವಪ್ಪ ಕೆಮ್ಮಿ, ಚಪ್ಪಲಿ ಬಿಟ್ಟ.

ಮಾಘದಲ್ಲಿ ಲಗ್ನವಾಯಿತು. ಸಾಲೆಯ ಮಾಸ್ತರರು ಪಂಚಮಿಯ ಸೂಟಿ ಮುಗಿಸಿ ಬಂದಾಗಲೇ ತಮ್ಮ ಪ್ರಮಾಣ ಹಿಂದೆ ತೆಗೆದುಕೊಂಡಿದ್ದರಿಂದ ಊಟಕ್ಕೆ ಮೊದಲನೆಯ ಪಂಕ್ತಿಯಲ್ಲಿಯೇ ಕೂತರು. ಹಂದರದೊಳಗೆ ಕುಬೇರಪ್ಪ ತನ್ನ ಗಡಿಯಾರ ಬಿಚ್ಚಿ ಅಳಿಯನ ಕೈಗೆ ಕಟ್ಟಿದ. ನಾಲ್ಕು ಮಂದಿ ನೋಡುತ್ತಿದ್ದರು.

"ನೋಡಪಾ ಚಂದ್ರಪ್ಪಾ, ಇದಕ್ಕ ದಿನಾ ಮುಂಜಾನೆ ಎದ್ದ ಕೂಡಲೆ..." ಎಂದು ಶುರು ಮಾಡಿದ.

"ಗೊತ್ತೈತ್ರಿ ಮಾವಾರ," ಎಂದ ಚಂದ್ರಪ್ಪ.

ಕುಬೇರಪ್ಪ ಅಳಿಯನ ಮುಖ ನೋಡಿದ. ಹಿಂದೊಮ್ಮೆ ಸವಣೂರಿನ ಪಡಸಾಲೆಯಲ್ಲಿ ಖತೀಜಾಬಿ ತನ್ನ ಮುಖವನ್ನು ಹೀಗೆಯೇ ನೋಡಿದ್ದು ಅವನಿಗೆ ನೆನಪಾಯಿತು.

"ಹಂಗಾದ್ರ ಚೊಲೋ ಆತು," ಎಂದ. ಆಮೇಲೆ ಎದ್ದು, ಹೆಣ್ಣುಮಕ್ಕಳು ಕೂತಿದ್ದ ಕಡೆ ಹೋಗಿ, ಮಗಳ ಕಿವಿಯ ಹತ್ತಿರ ಬಗ್ಗಿ, ತಿರುಪಿನ ವಿಷಯವನ್ನು ಮೊದಲಿನಿಂದ ಕಡೆಯವರೆಗೆ ಪೂರ್ತಿ ಹೇಳಿದ.